ಒಂದನೇ ಚಾನೆಲ್ಲಿನಲ್ಲಿ ಕೇಳಿದ ದನಿ

2003ನೇ ಇಸವಿ. ನರಗುಂದದ ಬಜಾರದಲ್ಲಿ ನಾನು ಟೆಲಿಫೋನ್ ಮಾರಾಟ ಮತ್ತು ದುರಸ್ತಿಯ ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಶಿರೋಳದ ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವನು ನಾನೇ ಮೊದಲಿಗ. ಪದವಿ ಪಡೆದವನೂ ನಾನೊಬ್ಬನೇ. ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿಎಸ್ಸಿ ಮುಗಿಸಲು ನನಗೆ ಐದು ವರ್ಷ ಹಿಡಿಯಿತು. ನಡುವೆ ಎರಡು ವರ್ಷ ಕಾಲುವೆ ಹೂಳು ತೆಗೆಯಲು ಹೋಗಿದ್ದೆ. ಹೀಗಾಗಿ ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ‘ಬಿ.ಎಸ್ಸಿ.’ ಎನ್ನುವುದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಊರ ಮಂದಿ ನನ್ನ ಹೆಸರು ಬಿಟ್ಟು ಬಿಎಸ್ಸಿ ಎಂದೇ ಕರೆಯತೊಡಗಿದರು. ಅವರು ಚೇಷ್ಟೆಗೆ ಕರೆದರೂ ನಾನು ಹಿಗ್ಗಿನಿಂದಲೇ ಓಗೊಡುತ್ತಿದ್ದೆ.

ಆ ವರ್ಷ ಕಾರ್ಡ್‌ಲೆಸ್ ಫೋನಿಗೆ ಬೇಡಿಕೆ ಬಂದಿತು. ಗೋಡೆಗೆ ಕಟ್ಟಿದ ವಾಯರಿಲ್ಲದೆ ಅಂಗಳ, ಹಿತ್ತಲು, ಮಾಳಿಗೆ ಎಲ್ಲೆಂದರಲ್ಲಿ ಕೈಯಲ್ಲಿ ಹಿಡಿದು ಅಡ್ಡಾಡಬಹುದಾದ ಫೋನದು. ಅದರಲ್ಲಿ ಎರಡು ಭಾಗ. ಒಂದು ಬೇಸ್: ಅದು ಮನೆಯೊಳಗೆ ಟೆಲಿಫೋನ್ ಲೈನಿಗೂ ಕರೆಂಟಿಗೂ ಜೋಡಿಸಿಕೊಂಡು ಕೂತಿರುತ್ತದೆ. ಇನ್ನೊಂದು ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್. ಇವೆರಡರ ನಡುವೆ ಮಾತು ರೇಡಿಯೊ ಅಲೆಯ ಮೇಲೆ ಓಡಾಡುತ್ತದೆ. ಆ ಅಲೆ ಓಡುವ ದಾರಿಗೆ ಚಾನೆಲ್ ಎನ್ನುತ್ತಾರೆ. ನಾನು ಹುಬ್ಬಳ್ಳಿಯಿಂದ ತರುತ್ತಿದ್ದ ಸೆಟ್ಟುಗಳಲ್ಲಿ ಅಂಥ ಹತ್ತು ದಾರಿಗಳಿದ್ದವು. ಗುಂಡಿ ಒತ್ತಿ ಬದಲಿಸಬಹುದಿತ್ತು. ಡಬ್ಬಿಯಿಂದ ತೆಗೆದಾಗ ಎಲ್ಲವೂ ಒಂದನೇ ಚಾನೆಲ್ಲಿನಲ್ಲೇ ಇರುತ್ತಿದ್ದವು.

ಕೂಡಿಸುವ ಕೆಲಸ ನನಗೆ ಬಾಯಿಪಾಠವಾಗಿತ್ತು. ಹ್ಯಾಂಡ್‌ಸೆಟ್ಟಿನ ಬೆನ್ನು ತೆಗೆದು ಬ್ಯಾಟರಿಯ ಕೆಂಪು-ಕರಿ ವಾಯರು ಸಿಕ್ಕಿಸುವುದು, ಅಡಾಪ್ಟರು ಪ್ಲಗ್ಗಿಗೆ ಹಾಕುವುದು, ಹನ್ನೆರಡು ತಾಸು ಚಾರ್ಜಿಗೆ ಇಡಲು ಹೇಳುವುದು, ಮಾರನೇ ದಿನ ಬಂದು ಆಂಟೆನಾ ಎತ್ತಿ ಟಾಕ್ ಗುಂಡಿ ಒತ್ತುವುದು. ಡಯಲ್ ಟೋನ್ ಬಂತು ಅಂದರೆ ಮುಗಿಯಿತು, ಚಹಾ ಕುಡಿದು ಹೊರಡುತ್ತಿದ್ದೆ. ಡಬ್ಬಿಯೊಳಗಿನ ಇಂಗ್ಲಿಷ್ ಕೈಪಿಡಿಯನ್ನು ಟೋನ್ ಬರುವ ಪುಟದವರೆಗೆ ಮಾತ್ರ ಓದಿದ್ದೆ. ಮುಂದಿನದನ್ನು ಓದದ ನನಗೆ, ಯಾರನ್ನಾದರೂ ಕೇಳುವುದಕ್ಕೂ ಬಿಗುಮಾನ. ಬಿಎಸ್ಸಿ ಎಂದು ಬೋರ್ಡು ಹಾಕಿಕೊಂಡವನು ಹುಬ್ಬಳ್ಳಿಯ ಅಂಗಡಿಯವನ ಮುಂದೆ ನಿಂತು ಇದೇನು ಎಂದು ಕೇಳುವುದು ಹೇಗೆ?

ಸುಗ್ಗಿಯ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶೇಂಗಾ ವ್ಯಾಪಾರಿ ಮೌಲಾಸಾಬರ ಮನೆಗೆ ಹೋದೆ. ಹಿಂದಿನ ದಿನ ಚಾರ್ಜಿಗೆ ಇಟ್ಟಿದ್ದ ಸೆಟ್ಟು ಸಿದ್ಧವಾಗಿತ್ತು. ಟೋನ್ ಬಂತು. ಎಷ್ಟು ದೂರದವರೆಗೆ ಕೇಳಿಸುತ್ತದೆ ಎಂದು ತೋರಿಸಲು ಹ್ಯಾಂಡ್‌ಸೆಟ್ ಹಿಡಿದು ಮಾಳಿಗೆ ಹತ್ತಿದೆ. ಸಾಬರು ಏದುಸಿರು ಬಿಡುತ್ತ ಹಿಂದೆಯೇ ಬಂದರು. ಓಣಿಯ ಹಿಟ್ಟಿನ ಗಿರಣಿ ಒಂದೇ ಸಮ ಗಡಗಡ ಅನ್ನುತ್ತಿತ್ತು.

ಮಾಳಿಗೆಯ ಮೂಲೆಗೆ ಹೋದಾಗ ಟೋನಿನ ಅಡಿಯಲ್ಲಿ ಒಂದು ಹೆಣ್ಣುದನಿ ಕೇಳಿಸಿತು. ಹರಿದು ಹರಿದು ಬರುತ್ತಿತ್ತು.

“...ಎತ್ತೋ ತಮ್ಮಾ... ಬರೇ ಗುಂಯ್ ಅಂತದ... ಎತ್ತವಲ್ಲಿಯಲ್ಲೋ...”

ಸಾಬರು ಹ್ಯಾಂಡ್‌ಸೆಟ್ಟಿಗೆ ಕಿವಿ ಹಚ್ಚಿ ನಕ್ಕರು. “ಯಾರ್ದೋ ಮನಿ ಅತ್ತಿ-ಸೊಸಿ ಜಗಳ ಇರಬೇಕು ಬಿಎಸ್ಸಿ. ಜರಾ ಜೋರ ಮಾಡ್ರೆಲಾ, ನಮ್ಮ ಬೇಗಮ್‌ಗೂ ಕರೀತೀನಿ.”

ಅವರ ತಪ್ಪಲ್ಲ. ಕಾರ್ಡ್‌ಲೆಸ್ ಇದ್ದ ಮನೆಗಳಲ್ಲಿ ಆಗ ಅದೊಂದು ಮೋಜಾಗಿತ್ತು. ನೆರೆಮನೆಯ ಮಾತು ತೂರಿ ಬಂದರೆ ಮಧ್ಯಾಹ್ನ ಊಟ ಮುಗಿಸಿ ಹೆಂಗಸರು ಗಂಡಸರು ಕೂಡಿ ಕೇಳುತ್ತಿದ್ದರು. ನಾನು ಮಾತ್ರ ಮೊದಲ ದಿನದಿಂದ ಒಂದು ನೇಮ ಇಟ್ಟುಕೊಂಡಿದ್ದೆ. ಪರರ ಮಾತು ಕಿವಿಗೆ ಬಿದ್ದರೆ ಫೋನ್ ಇಟ್ಟುಬಿಡಬೇಕು, ನಡುವೆ ಬಾಯಿ ಹಾಕಬಾರದು. ಹಾಗೆಂದೇ ನಾಲ್ಕು ಮನೆಯವರು ನನ್ನನ್ನು ಒಳಕೋಣೆಯವರೆಗೆ ಬಿಡುತ್ತಿದ್ದರು. ಗುಂಡಿ ಒತ್ತಿ ಕಟ್ ಮಾಡಿದೆ.

ಅರ್ಧ ನಿಮಿಷ ಬಿಟ್ಟು ಟೋನ್ ಸರಿಯಿದೆಯೇ ನೋಡಲು ಮತ್ತೆ ಒತ್ತಿದೆ. ಅದೇ ದನಿ. ಈ ಸಲ ಅಳುತ್ತಿತ್ತು.

“...ಹಗೇವಿನ್ಯಾಗ ಇಳದಾರೋ ತಮ್ಮಾ... ಮೊದಲ ಹೂಂ ಅಂತಿದ್ರು, ಈಗ ಹೂಂ ಸೈತ ಅನವಲ್ರು...”



ಹಗೇವು ಅಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಂಗಳದಲ್ಲೋ ಹಿತ್ತಲಲ್ಲೋ ಇರುತ್ತಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಕೋಣೆಯಷ್ಟು ಅಗಲ. ವರ್ಷಗಟ್ಟಲೆ ಕಲ್ಲು ಮುಚ್ಚಿಟ್ಟರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ತೆರೆದ ಮೇಲೆ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ನಾನು ಆರನೇ ತರಗತಿಯಲ್ಲಿದ್ದಾಗ ಶಿರೋಳದಲ್ಲಿ ಅಣ್ಣ ಇಳಿದು ಬಿದ್ದ. ಅವನನ್ನು ಎತ್ತಲು ಹೋದ ತಮ್ಮನೂ ಬಿದ್ದ. ಎರಡು ಹೆಣಗಳನ್ನು ಒಂದೇ ಚಾಪೆಯ ಮೇಲೆ ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ನೇಮ ಬಿಟ್ಟು ಕೂಗಿದೆ. “ಯಾರ್ರೀ ನೀವು? ಯಾವ ಮನಿಯವರು?” ಅವಳಿಗೆ ಅದು ಕೇಳಿಸಲಿಲ್ಲ. ಮತ್ತೆ ಅದೇ ಮಾತು: “ಎತ್ತೋ ತಮ್ಮಾ, ಬರೇ ಗುಂಯ್ ಅಂತದ...”

ಆಗ ಹೊಳೆಯಿತು. ಆ ಗುಂಯ್ ನನ್ನದು. ನಾನು ಒತ್ತಿದಾಗಲೆಲ್ಲ ಕೆಳಗಿನ ಹೊಸ ಬೇಸಿನ ಡಯಲ್ ಟೋನ್ ಒಂದನೇ ಚಾನೆಲ್ಲಿನ ಮೇಲೆ ಹರಡಿ ಅವಳ ಕಿವಿಯನ್ನು ತುಂಬುತ್ತಿತ್ತು. ಅವಳ ಸೆಟ್ಟೂ ಒಂದನೇ ಚಾನೆಲ್ಲಿನಲ್ಲೇ ಇತ್ತು. ಆ ಓಣಿಯ ಸುತ್ತಮುತ್ತ ಕಾರ್ಡ್‌ಲೆಸ್ ಮಾರಿದವನು ನಾನೊಬ್ಬನೇ. ಮೂರು ಮನೆಗೆ ಕೊಟ್ಟಿದ್ದೆ, ಒಂದರಲ್ಲೂ ಚಾನೆಲ್ ಬದಲಿಸಿರಲಿಲ್ಲ.

ಮೂರರಲ್ಲಿ ಹಗೇವು ಇದ್ದದ್ದು ಬಸವರಾಜನ ಮನೆಯಲ್ಲಿ ಮಾತ್ರ. ಅವನು ನನ್ನ ವಾರಿಗೆಯವನು, ಒಕ್ಕಲುತನದವನು. ಫೋನ್ ಕೂಡಿಸಲು ಹೋದಾಗ ನಾನು ಅರಿಯದೆ ಹಗೇವಿನ ಕಲ್ಲಿನ ಮೇಲೆ ಚಪ್ಪಲಿ ಕಾಲಿಟ್ಟು ಅವನ ಹೆಂಡತಿ ಶಾಂತವ್ವನಿಂದ ಬೈಸಿಕೊಂಡಿದ್ದೆ. ದನಿ ಅವಳದೇ.

“ಸಾಬ್ರ, ಬಸವರಾಜ ಹಗೇವಿನ್ಯಾಗ ಬಿದ್ದಾನ! ಈ ಫೋನ್ ಆಕಿ ಫೋನ್ ಹತ್ತಗೊಡವಲ್ದು. ಗುಂಡಿ ಆರಿಸಿದ್ರ ಭರೋಸಾ ಇಲ್ಲ, ಕೆಳಗ ಹೋಗಿ ಬೇಸಿನ ಪ್ಲಗ್ ಕೀಳ್ರಿ, ಲಗೂನ!”

ಸಾಬರ ಮುಖದ ನಗು ಹಾರಿಹೋಯಿತು. ಅವರು ಇಳಿದು ಪ್ಲಗ್ ಕಿತ್ತರು. ನನ್ನ ಕೈಯೊಳಗಿನ ಹ್ಯಾಂಡ್‌ಸೆಟ್ ಎರಡು ಸಲ ಪೀಪ್ ಎಂದು ಸುಮ್ಮನಾಯಿತು. ಆಕೆಯ ದನಿಯೂ ಹೋಯಿತು. ಅಷ್ಟು ಹೆದರಿಸುವ ಮೌನವನ್ನು ನಾನು ಮುಂದೆ ಯಾವ ಫೋನಿನಲ್ಲೂ ಕೇಳಲಿಲ್ಲ. ಲೈನು ತೆರವಾಯಿತೋ, ಅಥವಾ ಆಕೆಯೇ ಒಳಗೆ ಇಳಿದುಬಿಟ್ಟಳೋ?

ಮೆಟ್ಟಿಲು ಇಳಿಯುವಾಗ ಅಂಗಳದಲ್ಲಿ ಶೇಂಗಾ ತೂರುವ ದೊಡ್ಡ ಫ್ಯಾನ್ ಕಂಡಿತು. “ಅದನ್ನ ತರ್ರಿ, ವಾಯರ್ ಸಹಿತ ತರ್ರಿ,” ಎಂದು ಕೂಗಿ ಓಡಿದೆ. ಓಣಿಯಲ್ಲಿ ಹೆಚ್ಚು ಮಂದಿ ಇರಲಿಲ್ಲ, ಎಲ್ಲರೂ ಹೊಲಕ್ಕೆ ರಾಶಿ ಮಾಡಲು ಹೋಗಿದ್ದರು. ನನಗಿಂತ ಮುಂದೆ ಒಂದು ಮೋಟರ್ ಸೈಕಲ್ ಧೂಳೆಬ್ಬಿಸಿಕೊಂಡು ಅದೇ ಮನೆಗೆ ತಿರುಗಿತು. ಬಸವರಾಜನ ತಮ್ಮ ನಿಂಗಣ್ಣ. ಲೈನು ತೆರವಾದದ್ದೇ ತಡ ಶಾಂತವ್ವನ ಕರೆ ಓಣಿಯ ತುದಿಯ ಪ್ಯಾಟಿಯಲ್ಲಿ ಫೋನಿನ ಹತ್ತಿರವೇ ಇದ್ದ ಅವನಿಗೆ ಮುಟ್ಟಿತ್ತು.

ನಾನು ಹಿತ್ತಲು ಸೇರುವಷ್ಟರಲ್ಲಿ ನಿಂಗಣ್ಣ ಹಗೇವಿನ ಬಾಯಿಯೊಳಗೆ ಒಂದು ಕಾಲು ಇಳಿಸಿದ್ದ. ಅವನನ್ನು ಕರೆಸಿದ್ದು ನಾನು ತೆರವು ಮಾಡಿಕೊಟ್ಟ ಲೈನು. ಚಾಪೆಯ ಮೇಲಿನ ಎರಡು ಹೆಣಗಳು ಕಣ್ಣೆದುರು ನಿಂತವು. ಹಿಂದಿನಿಂದ ಅವನ ಸೊಂಟ ತೆಕ್ಕೆಹಾಯ್ದು ಜಗ್ಗಿದೆ. ಇಬ್ಬರೂ ಕಲ್ಲಿನ ಮೇಲೆ ಬಿದ್ದೆವು.

“ಬಿಡೋ ಭಾಡ್ಯಾ! ನಮ್ಮಣ್ಣ ಒಳಗ ಅದಾನ!”

“ನೀ ಇಳದ್ರ ನೀನೂ ಅಲ್ಲೇ ಬೀಳತಿ! ಗಾಳಿ ಕೆಟ್ಟದ, ಗಾಳಿ!”

“ನಿನ್ನ ಬಿಎಸ್ಸಿ ಬೆಂಕಿ ಹತ್ಲಿ, ಬಿಡು!” ಎಂದು ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಬಿಡಲಿಲ್ಲ. ಧೈರ್ಯದಿಂದಲ್ಲ. ಬಿಟ್ಟರೆ ಇನ್ನೊಂದು ಜೀವವೂ ನನ್ನ ಲೆಕ್ಕಕ್ಕೆ ಎಂಬ ಅಂಜಿಕೆಯಿಂದ.

ಶಾಂತವ್ವ ಕಂದೀಲು ಹಚ್ಚಿ ತಂದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು.  ನಾಲ್ಕು ಮೊಳ ಇಳಿಯುತ್ತಲೇ ದೀಪ ಆರಿತು. ಅದನ್ನು ಕಂಡು ನಿಂಗಣ್ಣನ ಮೈ ಸಡಿಲಾಯಿತು. “ಅಯ್ಯೋ ಅಣ್ಣಾ,” ಎಂದು ಬಾಯಿ ಮುಚ್ಚಿಕೊಂಡ.

ಮೌಲಾಸಾಬರು ಇಬ್ಬರು ಹಮಾಲರಿಂದ ಫ್ಯಾನ್ ಹೊರಿಸಿಕೊಂಡು ಬಂದರು. ಹಿಂದಿನ ಪಡಸಾಲೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ನಾನೇ ಹಾಕಿಕೊಟ್ಟ ಅಡಾಪ್ಟರು. ಅದನ್ನು ಕಿತ್ತೆಸೆದು ಫ್ಯಾನ್ ಹಚ್ಚಿ, ಅದರ ಬಾಯಿ ಹಗೇವಿನ ಬಾಯಿಗೆ ಓರೆ ಮಾಡಿ ಹಿಡಿದೆವು. ಒಳಗಿನಿಂದ ಹುಳಿತ ಜೋಳದ ವಾಸನೆ ಮುಖಕ್ಕೆ ಹೊಡೆಯಿತು. ಸುಗ್ಗಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ನಾನು ಫ್ಯಾನಿನ ರೆಕ್ಕೆಯನ್ನೇ ದಿಟ್ಟಿಸುತ್ತಿದ್ದೆ. 

“ಇನ್ನೊಮ್ಮಿ ದೀಪ ಬಿಡ್ರಿ,” ಅಂದೆ. ಆರಿತು. ಮತ್ತೆ ಕಾದೆವು. ಶಾಂತವ್ವ ಅಳುವುದನ್ನು ನಿಲ್ಲಿಸಿ ಹಗೇವಿನ ಬಾಯಿಗೆ ಬಾಗಿ ಗಂಡನನ್ನು ಗದರಿಸತೊಡಗಿದಳು. “ಏನ್ರೀ, ಹೂಂ ಅನ್ರಿ! ದಿನಾ ನಾ ಒಂದ ಅಂದ್ರ ಹತ್ತ ಆಡವ್ರು, ಇವತ್ತೇನ ಬಾಯಾಗ ಜ್ವಾಳ ಇಟ್ಕೊಂಡೀರೇನು? ಹೂಂ ಅನ್ರಿ!”

ಮೂರನೇ ಸಲ ದೀಪ ತಳದವರೆಗೆ ಉರಿಯಿತು. ಆ ಬೆಳಕಿನಲ್ಲಿ ಬಸವರಾಜ ಕಂಡ. ಹಳೆಯ ಜೋಳದ ಗುಡ್ಡೆಯ ಮೇಲೆ, ಬಾಯಿಯ ನೇರಕ್ಕೆ ತಲೆ ಎತ್ತರವಾಗಿ ಒರಗಿದ್ದ. ಆ ಗುಡ್ಡೆಯೇ ಅವನನ್ನು ಉಳಿಸಿದ್ದು ಎಂದು ಆಮೇಲೆ ಡಾಕ್ಟರು ಹೇಳಿದರು. ತಳಕ್ಕೆ ಬಿದ್ದಿದ್ದರೆ ಮುಗಿದಿತ್ತು. ಹಮಾಲರಲ್ಲಿ ಹಿರಿಯನು ಸೊಂಟಕ್ಕೆ ಹಗ್ಗ ಬಿಗಿದುಕೊಂಡ. “ಇಪ್ಪತ್ತ ಎಣಸ್ರಿ, ಅಷ್ಟರಾಗ ನಾ ಹಗ್ಗ ಅಲಗಾಡಸಲಿಲ್ಲ ಅಂದ್ರ ಸುಮ್ನ ಎಳೀರಿ,” ಎಂದು ಇಳಿದ. ನಾನೇ ಎಣಿಸಿದೆ. ಹದಿನಾಲ್ಕಕ್ಕೆ ಹಗ್ಗ ಅಲುಗಿತು. ಬಸವರಾಜನ ಕಂಕುಳಿಗೆ ಹಗ್ಗ ಹಾಕಿ ಮೇಲೆಳೆದಾಗ ಅವನ ತುಟಿ ನೀಲಿಗಟ್ಟಿತ್ತು. ಹಿತ್ತಲಲ್ಲಿ ಮಲಗಿಸಿದ ಮೇಲೆ ಒಂದು ಸಲ ಉಸಿರೆಳೆದ, ಬಹಳ ಹೊತ್ತು ಬಿಟ್ಟು ಇನ್ನೊಂದು ಸಲ.

ದವಾಖಾನೆಯಲ್ಲಿ ಎರಡು ದಿನ ಮಂಪರಿನಲ್ಲಿದ್ದು ಮೂರನೇ ದಿನ ಕಣ್ಣುಬಿಟ್ಟ. ಬೆಳಿಗ್ಗೆಯೇ ಕಲ್ಲು ಸರಿಸಿದ್ದನಂತೆ. ಹೊಸ ಜೋಳ ಹಾಕುವ ಅವಸರ. ಐದು ತಾಸು ಸಾಕೆಂದುಕೊಂಡಿದ್ದ. ಎಲ್ಲರೂ ಅವನನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಊರ ತುಂಬ ‘ಬಿಎಸ್ಸಿ ಜೀವ ಉಳಿಸಿದ’ ಎಂಬ ಮಾತು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೈಪಿಡಿ ಬಿಡಿಸಿ ಕೂತೆ. ಆರನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹತ್ತಿರದಲ್ಲಿ ಇನ್ನೊಂದು ಸೆಟ್ ಇದ್ದರೆ ಚಾನೆಲ್ ಬದಲಿಸಬೇಕು, ಕರೆಂಟ್ ಹೋದರೆ ಈ ಫೋನ್ ನಡೆಯದು, ವಾಯರಿನ ಫೋನೊಂದನ್ನು ಜೊತೆಗೆ ಇಟ್ಟುಕೊಳ್ಳಬೇಕು. ಬಸವರಾಜನ ಮನೆಯ ಹಳೆಯ ಫೋನನ್ನು ‘ಇನ್ನ ಇದ್ಯಾಕ’ ಎಂದು ಬಿಚ್ಚಿ ಕಪಾಟಿಗೆ ಹಾಕಿಸಿದವನೂ ನಾನೇ.

ಮುಂದಿನ ಹದಿನೈದು ದಿನ ಅಂಗಡಿ ಅರ್ಧ ಹೊತ್ತು ಮುಚ್ಚಿ ಊರೂರು ತಿರುಗಿದೆ. ರೋಣದಲ್ಲಿ, ಗಜೇಂದ್ರಗಡದಲ್ಲಿ, ಬಸ್ಸು ಸಿಗದೆ ಯಾರದೋ ಸ್ಕೂಟರಿನ ಹಿಂದೆ ಕೂತು ಸೂಡಿಯಲ್ಲಿ, ನಾನು ಕೊಟ್ಟ ಒಂದೊಂದು ಸೆಟ್ಟಿನ ಚಾನೆಲ್ಲನ್ನೂ ಬದಲಿಸಿ, ಬೇಸಿನ ಅಡಿಯಲ್ಲಿ ಪಟ್ಟಿ ಅಂಟಿಸಿ ಅಂಕಿ ಬರೆದೆ. ಹಳೆಯ ಫೋನನ್ನು ಮತ್ತೆ ಗೋಡೆಗೆ ಹಚ್ಚಿದೆ. ಗಜೇಂದ್ರಗಡದ ಬಟ್ಟೆ ವ್ಯಾಪಾರಿಯೊಬ್ಬರು, “ಕರೀಲಾರದ ಬರೂ ಮೆಕ್ಯಾನಿಕ್‌ನ ಇವತ್ತ ನೋಡಿದೆ ನೋಡಪಾ. ಖರೇ ಹೇಳು, ಏನ ತಪ್ಪ ಮಾಡೀದಿ?” ಎಂದು ನಕ್ಕರು. ಹೇಳಿದೆ. ಅವರ ನಗು ನಿಂತಿತು.

ಕೊನೆಗೆ ಶಾಂತವ್ವನ ಮನೆಗೆ ಹೋದೆ. ಬಸವರಾಜ ಹೊರಸಿನ ಮೇಲೆ ಕೂತಿದ್ದ. ಇಬ್ಬರ ಮುಂದೆ ನಿಂತು ಹೇಳಿದೆ: “ಅಕ್ಕಾರ, ಅವತ್ತ ನಿಮ್ಮ ಫೋನ್ ಹತ್ತದಂಗ ಮಾಡಿದಾಂವ ನಾನs. ನನ್ನ ತಪ್ಪಿನಿಂದ ಅಷ್ಟೊತ್ತ ತಡ ಆತು.”

ಆಕೆ ನನ್ನ ತುಟಿಯ ಗಾಯದ ಕಲೆ ನೋಡಿದಳು. “ಹತ್ತಿತ್ತೋ ಇಲ್ಲೋ ನನಗೆಲ್ಲಿ ಗೊತ್ತಾಗಬೇಕ್ರಿ? ‘ಈ ಗುಂಡಿ ಒತ್ತಿದ್ರ ಕಡೀಕ ಹಚ್ಚಿದ ನಂಬರಿಗೆ ಹೊಕ್ಕೈತಿ’ ಅಂತ ಇವರು ಒಂದ ಗುಂಡಿ ತೋರ್ಸಿದ್ರು. ನಿಂಗಣ್ಣಗ ಹಚ್ಚಿದ್ರಂತ ಅವಗ ಹೋತು. ಇನ್ನ್ಯಾರಿಗರ ಹಚ್ಚಿದ್ರ ಅವರಿಗೇ ಹೋಗತಿತ್ತು. ನೀವು ಬಂದಾಗ ಚಹಾ ಮಾಡಂದ್ರಿ, ಮಾಡಿದೆ. ಫೋನ್ ಹ್ಯಾಂಗ ಹಚ್ಚೂದು ಅಂತ ನೀವಾಗ್ಲಿ ಇವರಾಗ್ಲಿ ನನಗ ಹೇಳಿದ್ರೇನು?”

ಬಸವರಾಜ ತಲೆ ತಗ್ಗಿಸಿದ.  ಹ್ಯಾಂಡ್‌ಸೆಟ್ ಅವಳ ಕೈಗೆ ಕೊಟ್ಟೆ. ಟಾಕ್ ಒತ್ತುವುದು, ಟೋನಿಗೆ ಕಾಯುವುದು, ಒಂದೊಂದೇ ಅಂಕಿ, ಗೊರಗೊರ ಬಂದರೆ ಚಾನೆಲ್ ಗುಂಡಿ. ಅರ್ಧ ತಾಸಿನಲ್ಲಿ ಕಲಿತಳು. ಮೊದಲ ಕರೆಯನ್ನು ತವರಿಗೆ ಹಚ್ಚಿದಳು. ಆ ತುದಿಯಲ್ಲಿ ಯಾರೋ ಎತ್ತಿದರು. “ಯವ್ವಾ, ನಾನು. ಇಲ್ಲಬೇ, ಅವರೇನ ಹಚ್ಚಿಕೊಟ್ಟಿಲ್ಲ. ನಾನs ಹಚ್ಚೇನಿ,” ಅಂದಳು.

ಅಂದಿನಿಂದ, ಮುಂದೆ ಅಂಗಡಿಯನ್ನೇ ಮುಚ್ಚಿದ ದಿನದವರೆಗೆ, ಡಯಲ್ ಟೋನ್ ಬಂತೆಂದು ನಾನು ಯಾವ ಮನೆಯಿಂದಲೂ ಎದ್ದು ಬರಲಿಲ್ಲ. ಅಡುಗೆಮನೆಯಲ್ಲಿದ್ದವರು ಕೈ ಒರೆಸಿಕೊಂಡು ಹೊರಗೆ ಬಂದು, ತಮ್ಮ ಕೈಯಾರೆ ನಂಬರು ಒತ್ತಿ, ತಮಗೆ ಬೇಕಾದವರ ದನಿ ಕೇಳಿದ ಮೇಲೆಯೇ ನನ್ನ ಕೆಲಸ ಮುಗಿಯುತ್ತಿತ್ತು. ಅದನ್ನು ಪದವಿ ನನಗೆ ಕಲಿಸಿರಲಿಲ್ಲ, ಶಾಂತವ್ವ ಕಲಿಸಿದಳು.