ನಮ್ಮ ಯಜಮಾನರ ಗಾಳದ ದಾರಗಳು

ನಮ್ಮ ಯಜಮಾನರು ಗಾಳಕ್ಕೆ ಕೋಲು ಕಟ್ಟಿದವರಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೂರುವುದೇ ಅವರ ಪದ್ಧತಿ. ಮೀನು ಬಾಯಿ ಹಾಕಿದ್ದು ಬೆರಳಿಗೆ ತಿಳಿಯಬೇಕು, ಕಣ್ಣಿಗಲ್ಲ ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಬನ್ನಿಮಂಟಪದ ಮನೆಗೆ ಬೀಗ ಹಾಕಿ ಸ್ಕೂಟರಿನಲ್ಲಿ ಊರಾಚೆಯ ಕೆರೆಗೆ ಹೊರಟರೆ, ಹಿಂದೆ ಕೂತ ನನ್ನ ಮಡಿಲಲ್ಲಿ ಗೋಧಿಹಿಟ್ಟಿನ ಉಂಡೆಗಳ ಡಬ್ಬಿ. ಮೀನಿಗೆ ಹಿಟ್ಟು ಕಲೆಸಿಕೊಡುವ ಭಾಗ್ಯ ಎಷ್ಟು ಹೆಂಗಸರಿಗೆ ಸಿಕ್ಕೀತು?

ಹೋದ ವರ್ಷದಿಂದ ಮೀನು ಬೀಳುವುದು ಕಡಿಮೆಯಾಯಿತು. ತಪ್ಪೆಲ್ಲ ದಾರದ್ದೇ ಎಂದು ತೀರ್ಮಾನಿಸಿದರು. "ನೈಲಾನ್ ನೀರು ಕುಡಿದು ಹಿಗ್ಗುತ್ತೆ ಕಣೇ. ಮೀನು ಕಚ್ಚಿದ ಸುದ್ದಿ ಇಲ್ಲಿಗೆ ಬರೋದ್ರೊಳಗೆ ಅದು ತಿಂದ್ಬುಟ್ಟು ಮನೆಗೆ ಹೋಗಿರುತ್ತೆ." ನೀರಿನಲ್ಲಿ ಕಣ್ಣಿಗೆ ಕಾಣದ, ನೆಟ್ಟಗೆ ತಳಕ್ಕಿಳಿಯುವ ಇನ್ನೊಂದು ದಾರ ತಂದರು. ಬಲು ಪೆಡಸು, ಸುರುಳಿ ಬಿಡುವುದಿಲ್ಲ ಎಂದು ಅದನ್ನೂ ಬೈದರು. ಕೊನೆಗೆ ಮಂಡಿ ಮೊಹಲ್ಲಾದ ಅಂಗಡಿಯಿಂದ ಹೆಣೆದ ದಾರ ಬಂತು. ಅದು ನೀರ ಮೇಲೆ ತೇಲುತ್ತದೆ, ಗಾಳಿ ಬಂದರೆ ಬಿಲ್ಲಿನಂತೆ ಬಾಗುತ್ತದೆ, ಆದರೆ ಎಳ್ಳಷ್ಟೂ ಹಿಗ್ಗುವುದಿಲ್ಲ.

ನನಗೆ ಅನುಮಾನವಿದ್ದದ್ದು ದಾರದ ಮೇಲಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಅಂಗಿಯ ಗುಂಡಿ ಹಾಕಲು ತಡಕಾಡುವುದನ್ನು, ಕುದಿಯುವ ಕಾಫಿಯ ಲೋಟವನ್ನು ಹಾಗೇ ಹಿಡಿದುಕೊಂಡಿರುವುದನ್ನು ನೋಡುತ್ತಿದ್ದೆ. ಆದರೂ ಅವರ ಜೊತೆ ನಾನೂ ದಾರವನ್ನೇ ಬೈದೆ.

ಒಂದು ಭಾನುವಾರ ಗಾಳಿ ಇರಲಿಲ್ಲ. ತೇಲುತ್ತಿದ್ದ ದಾರ ತಟ್ಟನೆ ಬಿಗಿಯಾಗಿ, ನೀರು ಸೀಳಿಕೊಂಡು ಪಕ್ಕಕ್ಕೆ ಓಡಿತು. ಅವರು ಚಾಮುಂಡಿ ಬೆಟ್ಟದ ಕಡೆ ನೋಡುತ್ತಾ ಕೂತೇ ಇದ್ದರು.

"ಇವತ್ತೂ ಏನಿಲ್ಲ ಬುಡು" ಅಂದರು.

ಅಷ್ಟರಲ್ಲಿ ಮೀನು ಕೊಕ್ಕೆ ಬಿಡಿಸಿಕೊಂಡು ಹೋಗಿತ್ತು. ಜಾರಿದ ದಾರ ಬೆರಳನ್ನು ಕೊಯ್ದು, ರಕ್ತ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ರೀ, ಬೆರಳು ನೋಡ್ಕೊಳ್ಳಿ" ಅಂದೆ.

ಬಗ್ಗಿ ನೋಡಿದರು. ಬೇರೆ ಯಾರದೋ ಕೈ ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಉರೀತಾನೇ ಇಲ್ವಲ್ಲೇ" ಎಂದರು. ದಾರದತ್ತ ನೋಡಿ, "ಸುಮ್ನೆ ದಾರದ ಮೇಲೆ ಗೂಬೆ ಕೂರಿಸ್ಬುಟ್ಟೆ" ಎಂದರು.

ಗಾಯಕ್ಕೆ ಕರವಸ್ತ್ರ ಸುತ್ತಿದೆ. ಅವರು ನೀರಿನತ್ತ ಮುಖ ತಿರುಗಿಸಿಕೊಂಡರು, ನಾನು ಅಳುವುದನ್ನು ನೋಡಲಾರದೆಯೋ ಏನೋ. ಅವರ ಇನ್ನೊಂದು ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು ಬೆರಳುಗಳನ್ನು ಗಟ್ಟಿಯಾಗಿ ಅದುಮಿ ಹಿಡಿದೆ. ಬಹಳ ಹೊತ್ತು ಹಾಗೇ ಕೂತಿದ್ದೆವು. ಆಮೇಲೆ ಯಾಕೋ ಅವರು ಕೆಳಗೆ ನೋಡಿದರು.

"ಎಷ್ಟೊತ್ತಿಂದ ಹಿಡ್ಕೊಂಡಿದ್ದೀಯೆ?" ಎಂದು ಕೇಳಿದರು.