ಬೀರುವಿನೊಳಗಿನ ಡಾಕ್ಟರೇಟು

ಕೆಲಸಕ್ಕೆ ಸೇರಿದ ದಿನವೇ ಕಾಲೇಜಿನ ಆಫೀಸಿನವರು ನನ್ನ ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ಈಸಿಕೊಂಡರು, ಹತ್ತನೇ ಕ್ಲಾಸಿನಿಂದ ಹಿಡಿದು ಪಿಎಚ್.ಡಿ.ವರೆಗೆ. ಚೆನ್ನೈನ ತಾಂಬರಂ ಆಚೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜು ಅದು. ವರ್ಷದ ನಡುವೆ ಯಾರೂ ಬಿಟ್ಟು ಓಡಬಾರದೆಂದು ಅಲ್ಲಿ ಎಲ್ಲ ಮೇಷ್ಟರುಗಳದ್ದೂ ಹಾಗೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬದಲಿಗೆ ಒಂದು ರಸೀದಿ. ಡಾಕ್ಟರೇಟಿಗಾಗಿ ಆರು ವರ್ಷ ಬೆವರು ಸುರಿಸಿದ್ದ ನಾನು ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ ಬಂದೆ. ಪೆದ್ದ!

ನನ್ನ ಸಂಶೋಧನೆ ಹ್ಯಾಂಡಾಫ್ ಬಗ್ಗೆ. ಓಡುವ ರೈಲಿನಲ್ಲಿ ನೀವು ಫೋನಿನಲ್ಲಿ ಮಾತಾಡುತ್ತಿರುತ್ತೀರಿ; ಹಿಂದಿನ ಟವರು ನಿಮ್ಮನ್ನು ಬಿಟ್ಟು ಮುಂದಿನದು ಹಿಡಿಯಬೇಕು, ಮಾತು ತುಂಡಾಗಬಾರದು. ಯಾವಾಗ ಬಿಡಬೇಕು ಎಂಬುದೇ ಅಲ್ಲಿನ ಪ್ರಶ್ನೆ. ಬೋರ್ಡಿನ ಮೇಲೆ ಎರಡು ಟವರು ಬರೆದು, ನಡುನಡುವೆ ಜೋಕು ಹೊಡೆದು, ಇದನ್ನು ವರ್ಷವರ್ಷವೂ ಪಾಠ ಮಾಡಿದ್ದೇನೆ.

ಸೇರಿದ ಐದನೇ ವರ್ಷ ಒಂದು ಸಂಶೋಧನಾ ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು. ಹ್ಯಾಂಡಾಫ್ ಮೇಲೇ ಕೆಲಸ, ಅದೂ ನಿಜವಾದ ಪ್ರಯೋಗಾಲಯದಲ್ಲಿ. ನಮ್ಮ ಲ್ಯಾಬಿನ ರೇಡಿಯೋ ಬೋರ್ಡುಗಳನ್ನು ತಪಾಸಣೆಯವರು ಬರುವಾಗ ಮಾತ್ರ ಧೂಳು ಒರೆಸಿ ಜೋಡಿಸುತ್ತಿದ್ದೆವು. ಸಂದರ್ಶನಕ್ಕೆ ಒರಿಜಿನಲ್‌ಗಳನ್ನು ತರಲೇಬೇಕಿತ್ತು. ರಸೀದಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕೂರಿಸಿ ಕಾಫಿ ತರಿಸಿದರು. "ಸೆಮಿಸ್ಟರ್ ಮುಡಿಯಟ್ಟುಂ ಸಾರ್, ಪಾರ್ಕಲಾಂ" ಎಂದರು. ಸೆಮಿಸ್ಟರ್ ಮುಗಿಯಲಿ, ನೋಡೋಣ. ಮೂರು ದಿನ ಹೋದೆ, ಮೂರು ದಿನವೂ ಕಾಫಿ. ಸಂದರ್ಶನದ ದಿನ ನಾನು ಕ್ಲಾಸಿನಲ್ಲಿ ಅದೇ ಎರಡು ಟವರುಗಳನ್ನು ಬರೆಯುತ್ತಿದ್ದೆ. ಅವತ್ತು ಜೋಕು ಹೊಡೆಯಲಿಲ್ಲ.

ಆಮೇಲೆ ಕರೆಗಳೇ ಬರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು, ನಾನೇ ಅರ್ಜಿ ಹಾಕಲಿಲ್ಲ. ಮಗಳ ಸ್ಕೂಲು, ಹೆಂಡತಿಯ ಬ್ಯಾಂಕ್ ಕೆಲಸ ಎಂದು ನೆಪಗಳಿಗೇನೂ ಬರವಿರಲಿಲ್ಲ. ಕಾಲೇಜ್ ಬಸ್ಸಿನಲ್ಲಿ ಎಡಗಡೆಯ ಮೂರನೇ ಸೀಟು ನನ್ನದೆಂದೇ ಆಯಿತು. ಯಾರೂ ಓದದ ಪೇಪರುಗಳನ್ನು ಬರೆದೆ. ಕಳೆದ ವರ್ಷ ನನ್ನನ್ನು ಡೀನ್ ಮಾಡಿದರು. ಶಾಲು ಹೊದಿಸಿ, ಕೈಗೆ ಬೀರುವಿನ ಬೀಗದ ಕೈ ಕೊಟ್ಟರು. ಎಲ್ಲರ ಸರ್ಟಿಫಿಕೇಟುಗಳೂ ಇನ್ನು ಮೇಲೆ ನನ್ನ ಸುಪರ್ದಿಗೆ. ನಿಜ ಹೇಳಬೇಕೆಂದರೆ, ಖುಷಿಯಾಯಿತು.

ನಾಲ್ಕು ತಿಂಗಳಾದ ಮೇಲೆ ನಮ್ಮ ವಿಭಾಗದ ಲೆಕ್ಚರರ್ ಒಬ್ಬಳು ಬಂದಳು. ನನ್ನ ಕೈಕೆಳಗೇ ಪಿಎಚ್.ಡಿ. ಮಾಡಿದವಳು. ಶೋಳಿಂಗನಲ್ಲೂರ್‌ನ ಒಂದು ಕಂಪನಿಯ ರಿಸರ್ಚ್ ವಿಭಾಗದಲ್ಲಿ ಸಂದರ್ಶನವಂತೆ. "ಎರಡು ದಿನ ಸಾಕು ಸಾರ್" ಎಂದಳು. ಅವಳ ಕೈಯಲ್ಲಿ ಅದೇ ರಸೀದಿ. ಬೀರು ತೆರೆದೆ. ಹುಡುಕುವಾಗ ಮೊದಲು ನನ್ನ ಫೈಲೇ ಸಿಕ್ಕಿತು, ಪಕ್ಕಕ್ಕೆ ಸರಿಸಿದೆ. ಅವಳದನ್ನು ಹೊರಗೆ ತೆಗೆದೆ ಕೂಡ. ಆಗ ತಲೆ ಓಡತೊಡಗಿತು: ಇವಳು ಹೋದರೆ ಇವಳ ಕ್ಲಾಸುಗಳನ್ನು ಯಾರು ತೆಗೆದುಕೊಳ್ಳುವುದು, ತಪಾಸಣೆ ಬೇರೆ ಹತ್ತಿರ ಬಂತು, ಮ್ಯಾನೇಜ್‌ಮೆಂಟಿಗೆ ಏನೆಂದು ಹೇಳಲಿ? ಫೈಲನ್ನು ಒಳಗಿಟ್ಟು ಕಾಫಿ ತರಿಸಿದೆ.

"ಸೆಮಿಸ್ಟರ್ ಮುಡಿಯಟ್ಟುಂ ಮಾ, ಪಾರ್ಕಲಾಂ" ಎಂದೆ.

ಅವಳು ಕಾಫಿ ಮುಟ್ಟದೆ ಎದ್ದು ಹೋದಳು.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು.

"ಆ ಇಂಟರ್‌ವ್ಯೂ ತಪ್ಪಿದ ದಿನ ನೀವು ಊಟ ಬಿಟ್ಟು ಕೂತಿದ್ರಿ, ನೆನಪಿದ್ಯಾ?" ಎಂದಳು. ಇನ್ನೊಂದು ಕಾಯಿ ಕೈಗೆತ್ತಿಕೊಂಡು ಮತ್ತೆ ಕೇಳಿದಳು: "ಹೋಗ್ಲಿ, ಬೀರು ತೆಗೆದಿದ್ರಲ್ಲ, ನಿಮ್ಮದನ್ನಾದ್ರೂ ಮನೆಗೆ ತಂದ್ರಾ?"

ನಾಲ್ಕು ತಿಂಗಳಿಂದ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ತರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.