ನೆಲಕ್ಕೆ ಬೀಳದ ಜಾವಳ

ಅಂದು ಬೆಳಗಿನ ಮಂಜು ಹುಬ್ಬಳ್ಳಿಯ ಮೇಲೆ ಹಿಂಜಿ ಹರವಿದ ಅರಳೆಯಂತೆ ಕುಳಿತಿತ್ತು. ಪುಷ್ಯಮಾಸದ ಚಳಿ ಹೋಗಲು ಮನಸ್ಸಿಲ್ಲದೆ ಓಣಿ ಓಣಿಯಲ್ಲೂ ತಡೆದು ನಿಂತಿದ್ದ ಆ ಹೊತ್ತಿನಲ್ಲಿ, ಕೇಶ್ವಾಪುರದಿಂದ ಬಂದ ಆಟೋ ಒಂದು ನ್ಯಾಯವಿಜ್ಞಾನ ಪ್ರಯೋಗಾಲಯದ ಗೇಟಿನ ಮುಂದೆ ದೀಪ ಆರಿಸದೆಯೇ ನಿಂತಿತು. ಇಳಿದವರು ಶ್ರೀಮತಿ ಫರಹತ ನದಾಫ. ಅಂದು ಅವರ ಸೇವೆಯ ಕೊನೆಯ ದಿನ. ಪ್ರತಿ ಚಳಿಗಾಲದ ರೂಢಿಯಂತೆ ಕಾವಲುಕೋಣೆಯ ಬಳಿ ನಿಂತು, ಮೈಮೇಲಿನ ಉಣ್ಣೆಯ ಸ್ವೆಟರನ್ನು ಕಳಚಿ, ಕಾವಲುಗಾರ ಗಂಗಪ್ಪನ ಕೈಗೆ ಕೊಟ್ಟರು.

“ಬಾಯಾರ, ಇವತ್ತೊಂದಿನಾ ಹಾಕ್ಕೊಂಡ ಹೋಗ್ರಿ. ಸಂಜೀಕ ಹಾರ ಹಾಕಿ ಕಳಸಾವ್ರು, ಇನ್ನ್ಯಾವ ಕೂದ್ಲಾ ನೋಡಾಕ ಹೊಂಟೀರಿ?”

“ಒಂದ ಕೆಲಸ ಉಳದೈತಿ ಗಂಗಪ್ಪಾ. ನಾಳಿಂದ ಮಲಗೂ ಮುಂದನೂ ಸ್ವೆಟರ್ ತಗಿಯಂಗಿಲ್ಲ ನಾ. ಇವತ್ತಿನ ಮಟ್ಟಿಗೆ ನಿನ್ನ ಗೂಟದ ಮ್ಯಾಲ ಇರಲಿ.”

“ಹಂಗಾರ ಈ ಗೂಟಕ್ಕೂ ಇವತ್ತ ನಿವೃತ್ತಿ ಅನ್ರಿ,” ಎಂದು ಗಂಗಪ್ಪ ನಕ್ಕ. ನಗುತ್ತಲೇ ಮುಖವನ್ನು ಆ ಕಡೆ ತಿರುಗಿಸಿದ.

ಉಣ್ಣೆ ಎಳೆ ಬಿಡುತ್ತದೆ. ಪರೀಕ್ಷಿಸುವವರ ತೋಳಿನಿಂದ ಉದುರಿದ ಒಂದೇ ಒಂದು ಎಳೆ ಪರೀಕ್ಷೆಗೆ ಬಂದ ಮುದ್ದೆಮಾಲಿನೊಳಗೆ ಸೇರಿಕೊಂಡರೆ, ಮುಂದೆ ಅದೇ ಸಾಕ್ಷಿಯಾಗಿ ಯಾರದೋ ಕೊರಳಿಗೆ ಬಿದ್ದೀತು. ಈ ಒಂದು ಭಯಕ್ಕಾಗಿ ತಮ್ಮ ಸೇವೆಯ ಅಷ್ಟೂ ಚಳಿಗಾಲಗಳನ್ನು ಬರಿಯ ಹತ್ತಿಯ ಏಪ್ರನ್ನಿನಲ್ಲಿ ನಡುಗುತ್ತ ಕಳೆದವರು ಫರಹತ ಅವರು. ಕೂದಲು, ನೂಲು, ಮಣ್ಣು, ಪರಾಗ ಮೊದಲಾದ ಕಣ್ಣಿಗೆ ಸಿಕ್ಕೂ ಸಿಗದ ಕುರುಹುಗಳನ್ನು ಓದುವ ವಿದ್ಯೆಯಲ್ಲಿ ಉತ್ತರ ಕರ್ನಾಟಕದ ಪೊಲೀಸ್ ಠಾಣೆಗಳೂ ನ್ಯಾಯಾಲಯಗಳೂ ಭರವಸೆಯಿಟ್ಟಿದ್ದ ಹೆಸರು ಅವರದು. ಅವರ ವರದಿಗಳು ಗಿಡ್ಡವಾಗಿರುತ್ತಿದ್ದವು. ಕಂಡದ್ದನ್ನು ಬಿಡುತ್ತಿರಲಿಲ್ಲ, ಕಾಣದ್ದನ್ನು ಸೇರಿಸುತ್ತಿರಲಿಲ್ಲ. ‘ಇದು ಇಂಥವರದೇ ಕೂದಲು’ ಎಂಬ ಮಾತು ಅವರ ಸಹಿಯ ಮೇಲೆ ಎಂದೂ ಬಂದದ್ದಿಲ್ಲ. ಕೂದಲು ಅಷ್ಟು ಹೇಳಲಾರದು ಎಂಬುದನ್ನು ಅವರು ತಿಳಿದಿದ್ದರು. ತಿಳಿದದ್ದನ್ನು ಹೇಳುವ ಧೈರ್ಯವನ್ನೂ ದೇವರು ಅವರಿಗೆ ಕೊಟ್ಟಿದ್ದ.

ಅವರ ತಂದೆ ಅಮೀನಸಾಬರು ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಹಿಂಜುವ ಬಿಲ್ಲಿನ ನಾರಿ ಮಿಡಿದಾಗಲೆಲ್ಲ ಅರಳೆ ಹಾರಿ, ಹೊಸ್ತಿಲ ಮೇಲೆ ಕುಳಿತು ಓದುತ್ತಿದ್ದ ಮಗಳ ತಲೆಯನ್ನು ನರೆತಂತೆ ಬೆಳ್ಳಗಾಗಿಸುತ್ತಿತ್ತು. “ನಮ್ಮ ಹುಡಿಗಿ ಸಾಲಿಗೆ ಹೋಗೂ ಮೊದಲ ಮುದಿಕಿ ಆತು,” ಎಂದು ಆ ತಂದೆ ಓಣಿಗೆಲ್ಲ ಹೇಳಿ ನಗುತ್ತಿದ್ದರಂತೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಕೆಲಕಾಲ ಬೆಂಗಳೂರಿನಲ್ಲಿ ಪಳಗಿ, ಬಡ್ತಿ ತಡವಾದರೂ ಚಿಂತೆಯಿಲ್ಲವೆಂದು ಬರೆದುಕೊಟ್ಟು ಫರಹತ ಅವರು ಹುಟ್ಟೂರಿನ ಪ್ರಯೋಗಾಲಯಕ್ಕೆ ಬಂದರು. ಆಗ ಅಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ, ಎರಡು ಮೇಜು, ಮಳೆ ಬಂದರೆ ಸೋರುವ ಒಂದು ಮೂಲೆ ಇದ್ದವು. ಇದ್ದುದರಲ್ಲೇ ಅವರು ಸಂಸಾರ ಹೂಡಿದರು.

ಹಳ್ಳಿ ಠಾಣೆಗಳಿಂದ ಬರುವ ಪೇದೆಗಳು ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತರುತ್ತಿದ್ದ ಕಾಲ ಅದು; ಬಿಚ್ಚಿದರೆ ಬೂಸಲು. ಬೇರೆಯವರಾಗಿದ್ದರೆ ಬೈದು ಅಟ್ಟುತ್ತಿದ್ದರೇನೋ. ಇವರು ಚಹಾ ತರಿಸಿ, ಕುಳ್ಳಿರಿಸಿ, ಬಿಳಿಯ ಹಾಳೆಯನ್ನು ಕಿರಾಣಿ ಅಂಗಡಿಯವರು ಜೀರಿಗೆ ಕಟ್ಟುವ ಹಾಗೆ ಮಡಚಿ ತೋರಿಸುತ್ತಿದ್ದರು. “ನಿಮ್ಮ ಮನ್ಯಾಗ ಜೀರಿಗಿ ಪುಡಿಕಿ ಬಿಚ್ಚಿದರ ಒಂದ ಕಾಳರೆ ಬೀಳತೈತೇನ್ರಿ? ಹಂಗ ಕಟ್ರಿ.” ಆ ಪುಡಿಕೆ ಇಂದು ಎಷ್ಟೋ ಠಾಣೆಗಳಲ್ಲಿ ‘ಬಾಯಾರ ಪುಡಿಕಿ’ ಎಂದೇ ಹೆಸರಾಗಿದೆ.

ಕಿರಿಯರ ಮೇಲೆ ಅವರಿಗಿದ್ದ ಅಂತಃಕರಣಕ್ಕೆ ಅಮ್ಮಿನಬಾವಿಯ ಅಮರೇಶನೇ ಸಾಕ್ಷಿ. ಹೊಸದಾಗಿ ಸೇರಿದ ಅವನು ಮೊದಲ ಸಲ ನ್ಯಾಯಾಲಯದ ಕಟಕಟೆ ಏರಿ, ವಕೀಲರ ಪ್ರಶ್ನೆಗೆ ತೊದಲಿ, ಹೊರಬಂದು ಕಂಬದ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಫರಹತ ಅವರು ಅವನನ್ನು ಎದುರಿನ ಅಂಗಡಿಗೆ ಕರೆದೊಯ್ದು ಗಿರ್ಮಿಟ್ಟು, ಮಿರ್ಚಿ ತರಿಸಿದರು. “ತಿನ್ನೋ ತಮ್ಮಾ. ಗೊತ್ತಿಲ್ಲ ಅನ್ನಾಕ ಕಲಿ. ಕೋರ್ಟಿನ್ಯಾಗ ಅದರಷ್ಟ ಗಟ್ಟಿ ಮಾತ ಇನ್ನೊಂದಿಲ್ಲ.” ಮಿರ್ಚಿಯ ಖಾರಕ್ಕೋ ಮಾತಿಗೋ ಅವನ ಕಣ್ಣಲ್ಲಿ ಮತ್ತೆ ನೀರು ಬಂತು.

ಇಂಥ ದೀರ್ಘ ಸೇವೆಯಲ್ಲಿ ಅವರ ಕೈಮೇಲೆ ಹಾದುಹೋದ ದೊಡ್ಡ ದೊಡ್ಡ ಮೊಕದ್ದಮೆಗಳನ್ನು ಈ ಅಭಿನಂದನ ಸಂಪುಟದಲ್ಲಿ ಇತರರು ಬರೆದಿದ್ದಾರೆ. ಅವರ ಮನಸ್ಸಿನಲ್ಲಿ ಕೊನೆಯ ದಿನದವರೆಗೂ ಉಳಿದದ್ದು ಮಾತ್ರ ಒಂದು ಹಿಡಿ ಹುಟ್ಟುಗೂದಲಿನ ಕತೆ.

ಧಾರವಾಡ ಸೀಮೆಯ ಒಂದು ಊರು, ಹೆಸರು ಬೇಡ. ಅಲ್ಲಿ ರತ್ನವ್ವ ಎಂಬ ಹಿರಿಯ ಹೆಣ್ಣುಮಗಳು ಮಗ, ಸೊಸೆ, ಮೊಮ್ಮಗನೊಡನೆ ಇದ್ದಳು. ಮೊಮ್ಮಗನ ಜಾವಳವನ್ನು ಮಲಪ್ರಭೆಯ ದಂಡೆಯ ಮನೆದೇವರ ಮುಂದೆ ತೆಗೆಸುವ ಹರಕೆ ಹೊತ್ತಿದ್ದರು. ಹೊರಡುವ ಹೊತ್ತಿಗೆ ಕೂಸಿಗೆ ಜ್ವರ ಬಂದು ತಲೆ ತುಂಬ ಗುಳ್ಳೆ ಎದ್ದವು. ಕೂದಲು ತೆಗೆಯಲೇಬೇಕೆಂದರು ವೈದ್ಯರು. ಸೋದರಮಾವ, ಸೋದರತ್ತೆಯರನ್ನಷ್ಟೇ ಕರೆಸಿ, ದೇವರಿಗೆ ತಪ್ಪುಕಾಣಿಕೆ ಕಟ್ಟಿ, ಮನೆಯಲ್ಲೇ ಸದ್ದಿಲ್ಲದೆ ಶಾಸ್ತ್ರ ಮುಗಿಸಿದರು. ಕೂದಲನ್ನು ಅರಿಸಿನದ ಬಟ್ಟೆಯಲ್ಲಿ ಗಂಟುಕಟ್ಟಿ, ದೇವರಿಗೆ ಮುಟ್ಟಿಸುವತನಕ ಇರಲೆಂದು ಗೋಡೆಯ ಮಾಡದಲ್ಲಿಟ್ಟರು.

ಕೆಲವು ದಿನಕ್ಕೆ ನೆರೆಮನೆಯ ಕುಮಾರಸ್ವಾಮಿಯ ಮಗ ಕಾಮಾಲೆಯಿಂದ ಮಲಗಿದ. ಆ ಹುಡುಗ ದಿನವೂ ರತ್ನವ್ವನ ಅಂಗಳದಲ್ಲಿ ಆಡುತ್ತಿದ್ದವನು. ಯಾರೋ ಏನೋ ಅಂದರು; ಕುಮಾರಸ್ವಾಮಿ ನುಗ್ಗಿ ಮಾಡಕ್ಕೆ ಕೈಹಾಕಿದ; ಗಂಟು ಸಿಕ್ಕಿತು. ಅರಿಸಿನದ ಬಟ್ಟೆ, ಅಕ್ಷತೆ, ಮಗುವಿನ ಕೂದಲು!

“ನನ್ನ ಮಗನ ತಲೀಗೂದ್ಲಾ ಕತ್ತರಿಸಿ ಮಾಟಾ ಮಾಡ್ಯಾಳಲೇ ಈ ಮುದಿಕಿ!”

“ಇದು ನಮ್ಮ ಕೂಸಿನ ಜಾವಳಾ ಅದ ಯಪ್ಪಾ,” ಎಂದಳು ರತ್ನವ್ವ. ಅದನ್ನು ಯಾರೂ ನಂಬಲಿಲ್ಲ. ಊರಿಗೆಲ್ಲ ಹೋಳಿಗೆ ಬಡಿಸದೆ, ಬಂಧುಬಳಗಕ್ಕೆ ಹೇಳದೆ ಜಾವಳ ಮಾಡುವುದು ಎಲ್ಲಾದರೂ ಉಂಟೇ? ಮುಚ್ಚಿಟ್ಟು ಮಾಡಿದ ಶಾಸ್ತ್ರವೇ ಆಕೆಗೆ ಮುಳುವಾಯಿತು. ಬಾಗಿಲು ಮುರಿಯಿತು, ಮುದುಕಿಯ ಮೇಲೆ ಕೈ ಎದ್ದವು, ಪೊಲೀಸರು ಬಂದರು. ಮಾಟದ ಹೆಸರಿನಲ್ಲಿ ಮಗುವಿಗೆ ಕೇಡು ಬಗೆದಳೆಂಬ ಆರೋಪ ಹೊತ್ತ ರತ್ನವ್ವನ ಮಾನ, ಆ ಊರಿನಲ್ಲಿ ಆ ಮನೆತನದ ಬಾಳು, ಎಲ್ಲವೂ ಒಂದು ಹಿಡಿ ಕೂದಲಿಗೆ ನೇತುಬಿದ್ದವು. ಗಂಟು, ಜೊತೆಗೆ ಇಬ್ಬರು ಮಕ್ಕಳ ಈಗಿನ ಕೂದಲಿನ ಮಾದರಿ, ಫರಹತ ಅವರ ಮೇಜಿಗೆ ಬಂದವು.

ಅವುಗಳ ಹಿಂದೆಯೇ ರತ್ನವ್ವನೂ ಬಂದಳು. ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತವಳು ಏಳಲೊಲ್ಲಳು. ಗಂಗಪ್ಪ ಒಳಗೆ ಸುದ್ದಿ ಮುಟ್ಟಿಸಿದ. ಫರಹತ ಅವರು ಒಂದು ತಂಬಿಗೆ ನೀರು ಹಿಡಿದು ಹೊರಬಂದರು.

“ಕೇಸಿನ ಮಾತ ನಾ ಆಡಂಗಿಲ್ಲವ್ವಾ. ನೀರ ಕುಡದ ಮನಿಗೆ ಹೋಗು.”

“ನನ್ನ ಮ್ಯಾಲಿನ ಅಪವಾದ ಇರ್ಲಿರಿ ಯಕ್ಕಾರ, ಶಿವಾ ನೋಡ್ಕೋತಾನ. ಆ ಕೂದ್ಲಾ ದೇವರದು. ಅವನಿಗೆ ಕೊಡೂದು ಬಾಕಿ ಉಳದೈತಿ. ಒಂದ ಎಳೀನೂ ನೆಲಕ್ಕ ಬೀಳಬಾರದರಿ.”

“ಬೀಳಂಗಿಲ್ಲ. ಅಷ್ಟ ಮಾತ್ರ ನಾ ಹೇಳಬಹುದು. ಅದು ನನ್ನ ಹೊಣಿ.”

ಒಳಗೆ ಅಮರೇಶ ಗಂಟು ಬಿಚ್ಚಿ, ಬಟ್ಟಲಿಗೆ ನೀರು ಸುರಿಯಲು ಅಣಿಯಾಗಿದ್ದ. “ತೊಳೀಲೇನ್ರಿ ಮೇಡಂ? ಭಾಳ ಹೊಲಸ ಐತಿ.”

“ಹೊಲಸ ಯಾವದು, ಸಾಕ್ಷಿ ಯಾವದು ಅಂತ ಗೊತ್ತಾಗೂ ಮಟಾ ನೀರ ಮುಟ್ಟಬ್ಯಾಡ.”

ಹಾಗೆಯೇ ನೋಡಿದರು. ಅರಿಸಿನದ ಹುಡಿ, ಅಕ್ಕಿಯ ನುಚ್ಚು. ಅವುಗಳ ನಡುವೆ ಕೂದಲಿಗೆ ತೊಡರಿಕೊಂಡ, ಕೆಂಪು ರೇಷ್ಮೆಯ ಸಣ್ಣದೊಂದು ಎಳೆ. ಅದನ್ನು ಚಿಮುಟದಿಂದ ಬಿಡಿಸಿ ಬೇರೆಯಾಗಿಟ್ಟರು. ಅಮರೇಶ ಕೂದಲನ್ನು ಹೋಲಿಸಿ ನೋಡಿ, ಸಂಜೆಗೆ ಮುಖ ಸಣ್ಣದು ಮಾಡಿಕೊಂಡು ಬಂದ.

“ಯಾರದಕ್ಕೂ ಹೊಂದೂದಿಲ್ರಿ. ಗಂಟಿನ್ಯಾಗಿನ ಕೂದ್ಲಾ ಎಳೀವು, ತುದಿ ಮುಳ್ಳಿನ ಮೊನಿಯಂಗ ಅದಾವ. ಕುಮಾರಸ್ವಾಮಿ ಮಗನ ಕೂದ್ಲಾ ದಪ್ಪ, ತುದಿ ಮೊಂಡ. ಮುದಿಕಿ ಮೊಮ್ಮಗನ ಈಗಿನ ಕೂದ್ಲಾನೂ ತುದಿ ಮೊಂಡನ. ಹಂಗಾರ ಮುದಿಕಿ ಹೇಳಿದ್ದೂ ಸುಳ್ಳ ಆತಲ್ರಿ?”

ಫರಹತ ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. “ನಿಮ್ಮ ಅಮ್ಮಿನಬಾವ್ಯಾಗ ಜಾವಳಾ ಹೆಂಗ ಮಾಡ್ತಾರೋ ಅಮರೇಶಾ?”

“ಎಲ್ಲಾರಂಗನ ರೀ. ಸ್ವಾದರಮಾವ ಮೊದಲಿನ ಕುಡಿ ಕತ್ತರಸ್ತಾನ. ಹುಟ್ಟಿದಾಗಿಂದ ಅಲ್ಲೀ ಮಟಾ ಕತ್ತರಿ ಸೋಕಿಸಿರಂಗಿಲ್ಲ…” ಅಮರೇಶ ತಡೆದ. “ಕತ್ತರಿ ಸೋಕದ ಕೂದ್ಲದ ತುದಿ… ಮೊನಿ ಹಂಗ ಉಳದಿರತೈತಿ.”

“ಮುಂದ?”

“ಒಮ್ಮೆ ಬೋಳಿಸಿದ ಮ್ಯಾಲ ಅದ ಬುಡದಿಂದ ಬರೂದು ಮೊಂಡನ. ಅದಕ್ಕ ಮೊಮ್ಮಗನ ಈಗಿನ ಕೂದ್ಲಾ ಹಂಗದಾವ! ಕುಮಾರಸ್ವಾಮಿ ಮಗನ ಜಾವಳಂತೂ ಊರ ಮುಂದ ಯಾವಾಗೋ ಆಗೇತಿ, ಆ ಹುಡುಗನ ತಲ್ಯಾಗ ಇಂಥಾ ಕೂದ್ಲಾ ಹಿಡಿಗಟ್ಲೆ ಸಿಗೂದ ಇಲ್ಲ.”

“ಕತ್ತರಿಸಿದ ಕೂದ್ಲಾ ಹೆಂಗ ಹಿಡೀತಾರ?”

“ಸ್ವಾದರತ್ತಿ ಸೆರಗ ಒಡ್ಡತಾಳ್ರಿ, ನೆಲಕ್ಕ ಬೀಳಬಾರದಂತ. ಇಲಕಲ್ಲ ಸೀರಿ, ಕೆಂಪು ರೇಶಿಮಿ ಸೆರಗ…” ಎನ್ನುತ್ತ ಅಮರೇಶ ಆ ಸಣ್ಣ ಎಳೆಯತ್ತ ನೋಡಿದ, ಮತ್ತೆ ನೀರಿನ ಬಟ್ಟಲಿನತ್ತ ನೋಡಿ, ಅದನ್ನು ಮೆಲ್ಲಗೆ ದೂರ ಸರಿಸಿದ.

ತನಿಖಾಧಿಕಾರಿಗೆ ಬರೆದು ಮಗುವಿನ ಸೋದರತ್ತೆಯ ಸೀರೆಯನ್ನು ತರಿಸಲಾಯಿತು. ಬಣ್ಣ, ರೇಷ್ಮೆ, ಹುರಿ ಎಲ್ಲವೂ ಹೊಂದಿದವು. ಆದರೂ ಫರಹತ ಅವರು ಬರೆದದ್ದು ಇಷ್ಟೇ: ಇದು ಹುಟ್ಟಿನಿಂದ ಎಂದೂ ಕತ್ತರಿಸದೆ ಮೊದಲ ಸಲ ತೆಗೆದ ಎಳೆಗೂದಲು, ದೂರುದಾರರ ಮಗನ ತಲೆಯಿಂದ ಈಗ ತೆಗೆದದ್ದೆಂಬ ಮಾತಿಗೆ ಇದು ಹೊಂದುವುದಿಲ್ಲ, ಇದು ಯಾವ ಮಗುವಿನದೆಂದು ಹೆಸರಿಸಿ ಹೇಳಲಾಗದು.

ಪಾಟೀಸವಾಲಿನಲ್ಲಿ ವಕೀಲರೊಬ್ಬರು ಕೆಣಕಿದರು: “ಅಲ್ರಿ ಬಾಯಾರ, ನಮ್ಮ ಜಾವಳದ ಶಾಸ್ತ್ರ ನಿಮಗೇನ ಗೊತ್ತ್ರಿ?”

“ನಮ್ಮ ಓಣ್ಯಾಗೂ ಕೂಸ ಹುಟ್ಟತಾವ್ರಿ ವಕೀಲಸಾಹೇಬ್ರ. ಏಳನೇ ದಿನಕ್ಕ ನಾವೂ ತಲೀಗೂದ್ಲಾ ತಗಸ್ತೇವಿ. ಆದರ ನಾ ಈಗ ಹೇಳಿದ್ದ ಶಾಸ್ತ್ರದ್ದಲ್ರಿ, ಕೂದ್ಲದ ತುದೀದು. ನೀವೂ ಬಂದ ನೋಡಬಹುದು.”

ನ್ಯಾಯಾಧೀಶರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ವಕೀಲರೂ ನೋಡಿದರು. ರತ್ನವ್ವ ನಿರ್ದೋಷಿಯೆಂದು ತೀರ್ಪಾಯಿತು. ಆ ಹೊತ್ತಿಗೆ ಕುಮಾರಸ್ವಾಮಿಯ ಮಗ ಔಷಧದಿಂದ ಗುಣವಾಗಿ ಮತ್ತೆ ಅದೇ ಅಂಗಳದಲ್ಲಿ ಆಡುತ್ತಿದ್ದ. ಆದರೆ ಮೇಲ್ಮನವಿಯ ಕಾಲ ಮುಗಿಯುವವರೆಗೆ ಮುದ್ದೆಮಾಲನ್ನು ಬಿಡುವಂತಿರಲಿಲ್ಲ. ದೇವರ ಬಾಕಿ ತೀರದೆ ರತ್ನವ್ವನ ಮನೆಯಲ್ಲಿ ಹೋಳಿಗೆ ಬೇಯಲಿಲ್ಲ; ಕೊಟ್ಟ ಮಾತು ತೀರದೆ ಫರಹತ ಅವರಿಗೂ ನೆಮ್ಮದಿಯಿರಲಿಲ್ಲ. ಗಂಟನ್ನೂ, ಗಾಜಿನ ಪಟ್ಟಿಗಳ ಮೇಲೆ ಅಂಟಿಸಿದ್ದ ಎಳೆಗಳನ್ನೂ ಮನೆಯವರಿಗೆ ಮರಳಿಸಲು ಅನುಮತಿ ಕೋರಿ ಅವರೇ ನ್ಯಾಯಾಲಯಕ್ಕೆ ಬರೆದರು. ಆದೇಶ ಕೈಸೇರಿದ್ದು ನಿವೃತ್ತಿಯ ವಾರದಲ್ಲಿ.

ಇಂಥ ಹಿರಿಯರಿಗೆ ಹಾರೈಸಲು ದೊಡ್ಡ ಮಾತುಗಳು ಬೇಕಿಲ್ಲ. ಇನ್ನು ಮುಂದಿನ ಚಳಿಗಾಲಗಳನ್ನು ಅವರು ಬೆಚ್ಚಗೆ ಕಳೆಯಲಿ. ಕಣ್ಣಿನ ಬೆಳಕು ಮಾಸದಿರಲಿ. ಕೇಶ್ವಾಪುರದ ಅವರ ಮನೆಯ ಕಟ್ಟೆಯ ಮೇಲೆ ಹೊಸ ಪೇದೆಗಳು ಪುಡಿಕೆ ಕಟ್ಟಲು ಕಲಿಯುತ್ತಿರಲಿ, ಹೊಸ ಅಮರೇಶರು ‘ಗೊತ್ತಿಲ್ಲ’ ಎನ್ನಲು ಕಲಿಯುತ್ತಿರಲಿ. ಎಳೆ ಎಳೆಯನ್ನೂ ಎಣಿಸಿಟ್ಟಿರುವ ಆ ಭಗವಂತ ಅವರ ಆಯುಷ್ಯದ ನೂಲನ್ನು ಉದ್ದಕ್ಕೆ ನೂಲಲಿ.

ಆ ಮಂಜಿನ ಬೆಳಗಿನಲ್ಲಿ ಉಳಿದಿದ್ದ ಕೆಲಸ ಇದೇ. ಸ್ವೆಟರಿಲ್ಲದೆ ನಡುಗುತ್ತ ಕುಳಿತು, ಗಾಜಿನ ಪಟ್ಟಿಗಳ ಅಂಟು ಕರಗಿಸಿ, ಒಂದೊಂದೇ ಎಳೆಯನ್ನು ಬಿಡಿಸಿ, ಒರೆಸಿ, ಅರಿಸಿನದ ಬಟ್ಟೆಗೆ ಸೇರಿಸಿದರು. ಮಧ್ಯಾಹ್ನ ಮಂಜು ಹರಿದ ಮೇಲೆ ಪೊಲೀಸರ ಜೊತೆ ರತ್ನವ್ವ ಬಂದಳು. ಆಕೆಯನ್ನು ತನ್ನ ಗಾಡಿಯಲ್ಲಿ ಕರೆತಂದವನು ಕುಮಾರಸ್ವಾಮಿ. ಒಳಗೆ ಬರಲಾರದೆ ಬೇವಿನ ಗಿಡದ ಕೆಳಗೇ ನಿಂತಿದ್ದ.

ಆದೇಶದ ಮೇಲೆ ಹೆಬ್ಬೆಟ್ಟು ಒತ್ತಿದ ರತ್ನವ್ವ ಕೈ ಚಾಚಲಿಲ್ಲ. ಎದ್ದು ನಿಂತು, ಎರಡೂ ಕೈಯಿಂದ ಸೆರಗು ಒಡ್ಡಿದಳು. ಫರಹತ ಅವರೂ ಎದ್ದು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಗಂಟನ್ನು ಬೊಗಸೆಯಲ್ಲಿ ತಂದು ಅದರೊಳಗೆ ಇಳಿಸಿದರು.